ಸುಷೇಣನ ಮೂರು ತಿರುವುಗಳು

ಬಹಳ ಬಹಳ ಹಿಂದೆ ತುಹಿನಪುರವೆಂಬ ಹಿಮದ ರಾಜ್ಯವಿತ್ತು. ಅಲ್ಲಿನ ಜನ ಎರಡೂ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಸುಯ್ಯೆಂದು ಜಾರುತ್ತಿದ್ದರು. ರಾಜಕುಮಾರ ಸುಷೇಣನೂ ಜಾರುತ್ತಿದ್ದ, ತಿರುವು ಬಂದರೆ ಬೀಳುತ್ತಿದ್ದ. ಅರಸುಮಕ್ಕಳು ಬಿದ್ದರೆ ನೋಡಿದವರೆಲ್ಲ ತಾವೂ ಬೀಳಬೇಕೆಂಬುದು ಅಲ್ಲಿನ ಪದ್ಧತಿ. ಹೀಗಾಗಿ ತಿರುವಿನಲ್ಲಿ ಬೀಳದವರೇ ಲೋಕದಲ್ಲಿಲ್ಲ ಎಂದು ನಮ್ಮ ರಾಜಕುಮಾರ ನಂಬಿಬಿಟ್ಟಿದ್ದ.

ಅವನ ತಂಗಿ ಇಂದುಲೇಖೆ ತನ್ನನ್ನು ಮದುವೆಯಾಗಲು ಒಲ್ಲೆನೆಂದಳೆಂದು ಜಡಕೇಶನೆಂಬ ಮಾಂತ್ರಿಕ ಅವಳ ಮೇಲೆ ಮಂತ್ರ ಹಾಕಿದ. ಮೊದಲ ದಿನ ಪಾದ, ಎರಡನೆಯ ದಿನ ಸೊಂಟ, ಮೂರನೆಯ ಸಂಜೆಗೆ ಮುಖವೂ ಮಂಜುಗಡ್ಡೆ. ಬೆಟ್ಟದ ತುದಿಯ ಬಿಸಿನೀರ ಬುಗ್ಗೆಯಿಂದ ಒಂದು ತಂಬಿಗೆ ನೀರನ್ನು ಅಣ್ಣನೇ ಚೆಲ್ಲದೆ ತಂದು ಎರೆದರೆ ಮಾತ್ರ ಬಿಡುಗಡೆ. ಇಳಿಯುವ ದಾರಿಯಲ್ಲಿ ಮೂರು ತಿರುವು.

ಮೊದಲ ದಿನ ಸುಷೇಣ ಮೊದಲ ತಿರುವಿನಲ್ಲೇ ಬಿದ್ದ, ನೀರೆಲ್ಲ ಚೆಲ್ಲಿತು. ಹಲಗೆ ಸೊಟ್ಟಗಿದೆಯೆಂದು, ಅದನ್ನು ಮಾಡಿಕೊಟ್ಟ ಮುದುಕಿ ತಿಪ್ಪವ್ವನನ್ನು ಎಲ್ಲರೆದುರು ಬೈದ. ಎರಡನೆಯ ದಿನ ಹೊಸ ಹಲಗೆ ಕಟ್ಟಿ ಎರಡನೆಯ ತಿರುವಿನಲ್ಲಿ ಬಿದ್ದ. ಅಲ್ಲಿ ಕಾವಲಿದ್ದ ಮಂಜಿನ ಕರಡಿ, ಎರಡು ಕಾಲಿದ್ದೂ ಒಂದರಲ್ಲೇ ತಿರುಗುವವನನ್ನು ಇವತ್ತೇ ನೋಡಿದ್ದು ಎಂದು ಆಕಳಿಸಿತು.

ಆ ಮಾತು ಅವನನ್ನು ಕೊರೆಯಿತು. ಮೂರನೆಯ ಬೆಳಿಗ್ಗೆ ತಲೆ ತಗ್ಗಿಸಿ ತಿಪ್ಪವ್ವನ ಮನೆಗೆ ಹೋಗಿ ತನ್ನ ತಪ್ಪೇನೆಂದು ಕೇಳಿದ.

"ಹೊರಗಿನ ಹಲಗೆ ಅಂಚನ್ನಷ್ಟೇ ಹಿಮಕ್ಕೆ ಊರ್ತೀರಿ, ಒಡೆಯಾ. ಒಳಗಿಂದು ಚಪ್ಪಟೆ ಬಿದ್ದು ತನ್ನ ದಾರಿ ಹಿಡೀತದೆ. ಎರಡೂ ಮೊಣಕಾಲು ಒಟ್ಟಿಗೆ ಒಂದೇ ಕಡೆ ವಾಲಿಸಿ. ಎರಡೂ ಅಂಚು ಒಟ್ಟಿಗೆ ಕಚ್ಚಬೇಕು."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಬಿದ್ದಾಗೆಲ್ಲ ನಾವೂ ಬೀಳ್ಬೇಕಿತ್ತಲ್ಲ, ಹೇಳೋದೆಲ್ಲಿ ಬಂತು?" ಎನ್ನುತ್ತ ಅವಳು ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡಳು.

ಸುಷೇಣನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ಇಷ್ಟು ವರ್ಷ ಈ ಮುದಿಜೀವ ತನಗಾಗಿ ಬೇಕೆಂದೇ ಬಿದ್ದಿತ್ತು, ತಾನು ಅವಳನ್ನೇ ಬೈದಿದ್ದ. ಕಾಲು ಹಿಡಿದು ತಪ್ಪಾಯಿತು, ಇನ್ನು ತನ್ನ ಜೊತೆ ಬೀಳಬೇಡವೆಂದ. ಅವಳು ಹಳೆಯ ಹಲಗೆಗಳನ್ನೇ ಕಟ್ಟಿಸಿ ಮನೆ ಹಿಂದಿನ ಇಳಿಜಾರಿನಲ್ಲಿ ಮಧ್ಯಾಹ್ನದವರೆಗೂ ಕಲಿಸಿದಳು. ಅವನು ಏಳು ಸಲ ಬಿದ್ದ. ಜೊತೆಗೆ ಯಾರೂ ಬೀಳಲಿಲ್ಲ, ಅವನ ಕಿವಿ ಕೆಂಪಾಯಿತು.

ಆಮೇಲೆ ಬೆಟ್ಟ ಹತ್ತಿ, ಬುಗ್ಗೆಯ ನೀರು ತುಂಬಿದ ತಂಬಿಗೆ ಹಿಡಿದು ಇಳಿದ. ಮೊದಲ ತಿರುವು ದಾಟಿದ. ಎರಡನೆಯದರಲ್ಲಿ ಕರಡಿ ಎದ್ದು ದಾರಿ ಬಿಟ್ಟಿತು. ಮೂರನೆಯದರಲ್ಲಿ ಜಡಕೇಶನೇ ಸುಂಟರಗಾಳಿಯಾಗಿ ಎರಗಿದ. ಸುಷೇಣ ಎರಡೂ ಮೊಣಕಾಲು ವಾಲಿಸಿದ, ಎರಡೂ ಅಂಚು ಕಚ್ಚಿದವು, ಹಿಮದ ಮೇಲೆ ಜೋಡಿ ಗೆರೆ ಮೂಡಿತು. ಒಂದು ಹನಿಯೂ ಚೆಲ್ಲಲಿಲ್ಲ.

ತಂಗಿಯ ಮೇಲೆ ನೀರು ಎರೆದೊಡನೆ ಮಂತ್ರದ ಜೊತೆ ಜಡಕೇಶನೂ ಕರಗಿಹೋದ, ಇಂದುಲೇಖೆ ಕಣ್ಣು ಬಿಟ್ಟಳು.

"ದಾರಿ ಅಷ್ಟು ಕಷ್ಟವಿತ್ತೇನಣ್ಣಾ?"

"ಇಲ್ಲಮ್ಮ. ಮೊದಲ ದಿನವೇ ಕೇಳಿದ್ದರೆ ನಿನಗೆ ಎರಡು ದಿನದ ಚಳಿ ತಪ್ಪುತ್ತಿತ್ತು."

ಅಂದಿನಿಂದ ತುಹಿನಪುರದವರೆಲ್ಲ ಸುಖವಾಗಿ ಬಾಳಿದರು. ತಂಗಿ ಚಳಿಗೆ ಕೈಗಳನ್ನು ಉಜ್ಜಿಕೊಂಡಾಗಲೆಲ್ಲ ಸುಷೇಣ ಮಾತ್ರ ಮುಖ ತಿರುಗಿಸುತ್ತಿದ್ದ.