ಎಡಗೈಯ ಕಲ್ಲು

"ಏ! ಊರೆಲ್ಲಾ ನೀರು ಹೊರ್ಲಾಕತ್ತದ, ನೀ ಹುಡೇವಿನ ಮ್ಯಾಲ ನಿಂತು ತಮಾಷಾ ನೋಡ್ತಿ?"

ಕೊಡ ಹೊತ್ತೇ ಹಳೇ ಕಾವಲು ಬುರುಜಿನ ಮೆಟ್ಟಿಲೇರಿ ಬಂದ ಶೇವಂತಾಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ಹೆಗಲ ಮೇಲೆ ಕಂಬಳಿ, ಎರಡೂ ಮುಷ್ಟಿ ಬಿಗಿ; ಆಗೀಗ ಒಂದರಿಂದ ಇನ್ನೊಂದಕ್ಕೆ ಹರಳುಗಲ್ಲು ದಾಟುತ್ತಿತ್ತು. ಕೆಳಗೆ ಅವಳಪ್ಪ ಮಾಣಿಕಪ್ಪನ ಜೋಳದ ಕಣಿಕೆ ಬಣವೆ ಧಗಧಗ ಉರಿಯುತ್ತಿತ್ತು.

"ಕೆಳಗ ಇಳೀರಿ ಬಾಯೀ, ಗಾಳಿ ತಿರುಗ್ಯದ," ಎಂದ ಅಮೋಘಸಿದ್ಧ. ಆಮೇಲೆ ಇಡೀ ದಾಳಿಂಬ ಊರಿಗೇ ಕೇಳುವಂತೆ, "ಬಡಗಣ ಸಾಲು ಹಿಂದ್ ಸರೀರಿ! ಬಾವಿ ಸಾಲು ಮುಂದ!"

ಮೂವತ್ತು ಜನ ಹಾಗೇ ಸರಿದರು. ಒಬ್ಬ ಕುರಿ ಕಾಯುವವನ ಮಾತಿಗೆ!

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ನಾಲ್ಕೈದು ವರ್ಷ. ಎಲ್ಲಿ ಹೊಗೆ ಕಂಡರೂ ನೀರಿಗಿಂತ ಮೊದಲು ಹಚ್ಚಿದವನ ಹೆಸರು ಹುಡುಕುವ ಕಾಲ. ಬಣವೆಯ ಬೆಂಕಿ ಸಂಜೆಗೆ ಆರಿತು. ಶೇವಂತಾಳ ತಲೆಯಲ್ಲಿ ಹೊಗೆಯಾಡುತ್ತಲೇ ಇತ್ತು.

ಕೂಗು ಏಳುವ ಮೊದಲೇ ಅವನು ಅಲ್ಲಿಗೆ ಬಂದದ್ದು ಹೇಗೆ? ಒಂದು ಕೈಯಿಂದ ಇನ್ನೊಂದಕ್ಕೆ ಹರಳುಗಲ್ಲು ದಾಟಿಸುತ್ತಿದ್ದನಲ್ಲ… ಮಾಟವೇ?

ಮರುದಿನ ಬಾವಿಕಟ್ಟೆಯಲ್ಲಿ ಸೆರಗನ್ನೇ ಕಂಬಳಿಯಂತೆ ಹೊದ್ದು ಕೂಗಿದಳು: "ಬಡಗಣ ಸಾಲು ಹಿಂದ್ ಸರೀರಿ!"

ಅದೇ ದನಿ! ನೀರು ಸೇದುತ್ತಿದ್ದ ನೆರೆಮನೆಯ ಪ್ರಯಾಗಬಾಯಿ ಹೌಹಾರಿ ಹಿಂದೆ ಸರಿದೇಬಿಟ್ಟಳು.

"ನಿನ್ನ ಬಾಯಾಗ ಮಣ್ಣು ಹಾಕ! ನಾ ಅಂವನೇ ಬಂದಾನಂತ ತಿಳಕೊಂಡೆ."

"ಬರ್ತಾನ ವೈನಿ. ಬೆಂಕಿ ಹಚ್ಚಿದಾಂವ ನೋಡ್ಲಾಕ ಬರಲಾರದೆ ಇರ್ತಾನ?"

ಎಂಟನೇ ದಿನ, ಮಟಮಟ ಮಧ್ಯಾಹ್ನ, ಅವಳ ಮನೆಯ ಕೊಟ್ಟಿಗೆಯೇ ಹೊತ್ತಿಕೊಂಡಿತು. ಕಿಡಿ ಹಾರಿ ಹಿಂದಿನ ಕುರಿಹಟ್ಟಿಗೂ ತಗುಲಿತು.

ಹುಡೇವಿನ ಮೇಲೆ ಮತ್ತೆ ಅವನೇ! ಶೇವಂತಾ ಓಡಿ ಮೇಲೇರಿ ಅವನ ಎಡ ಮುಷ್ಟಿ ಹಿಡಿದಳು.

"ತೆಗಿ! ಏನದ ಇದರಾಗ?"

ಮುಷ್ಟಿ ತೆರೆಯಿತು. ಒಂದೇ ಒಂದು ಕಲ್ಲು. ಅವನ ಕೆನ್ನೆ ಒದ್ದೆ… ಹಟ್ಟಿಯಲ್ಲಿ ಒದರುತ್ತಿದ್ದ ಮರಿಗಳು ಅವನವೇ.

ಹೊಗೆಗೆ ಅವನ ಗಂಟಲು ಕಟ್ಟಿತ್ತು. ಬರೀ ಪಿಸುಮಾತು ಹೊರಟಿತು. "ಒಳಗ ಹೋದೋರಿಗೆ ಒಂದೊಂದು ಕಲ್ಲು ಎಡಗೈಯಾಗ. ಹೊರಗ ಬಂದ್ರ ಬಲಗೈಗೆ. ಇದೊಂದು ಉಳದದ… ನಿಮ್ಮಪ್ಪ. ಎತ್ತು ಬಿಚ್ಚಲಾಕ ಹೋಗ್ಯಾನ."

"ಮತ್ತ ಇಲ್ಲಿ ಯಾಕ ನಿಂತಿ? ಇಳಿ!"

"ಹ್ವಾದ ವರ್ಷದ ಬೆಂಕ್ಯಾಗ ಹತ್ತು ಮಂದಿ ಹತ್ತು ಮಾತು ಒದರಿದ್ರು. ಎಲ್ಲಾರೂ ಬಂದಾರ ಅಂದ್ರು. ನಮ್ಮಣ್ಣ ಬಂದಿರಲಿಲ್ಲ… ಅವತ್ತಿಂದ ಮಂದಿ ಒಬ್ಬನ ದನಿಗೇ ಸರೀತದ. ಈಗ ಆ ದನೀನೇ ಹೋಗ್ಯದ, ಶೇವಂತಾ!"

ಅವಳು ಸೆರಗು ಬಿಗಿದಳು. "ಏನು ಒದರಲಿ? ಲಗು ಹೇಳು!"

"ಹಿಂದಿನ ಗ್ವಾಡಿ…"

"ಬಾವಿ ಸಾಲು!" ಅಮೋಘಸಿದ್ಧನ ದನಿ ಊರ ಮೇಲೆ ಗುಡುಗಿತು, ಶೇವಂತಾಳ ಬಾಯಿಂದ. "ಹಿಂದಿನ ಗ್ವಾಡಿ ಒಡೀರಿ! ಒಳಗ ಒಬ್ಬ ಹಾನ!"

ದನಿ ಯಾರದೆಂದು ನೋಡಲು ಯಾರೂ ತಲೆಯೆತ್ತಲಿಲ್ಲ. ಗೋಡೆಗೆ ಹಾರೆ ಬಿದ್ದವು. ಮಾಣಿಕಪ್ಪನನ್ನು ಎಳೆದು ತಂದರು.

ಕಲ್ಲು ಬಲಗೈಗೆ ದಾಟಿತು. ಆಮೇಲೆಯೇ ಅವನು ತನ್ನ ಹಟ್ಟಿಯ ಕಡೆ ಬೆರಳು ತೋರಿಸಿದ. ಅಷ್ಟರಲ್ಲಿ ನಾಲ್ಕು ಮರಿ ಹೋಗಿದ್ದವು.

ಸಂಜೆ ಮಾಣಿಕಪ್ಪ ಕೆಮ್ಮುತ್ತ ತಲೆ ತಗ್ಗಿಸಿದ. "ನೀರೊಲಿ ಬೂದಿ ಆರೂ ಮೊದಲೇ ಹಿತ್ತಲಾಗ ಚೆಲ್ಲಿದ್ದೆ. ಎರಡೂ ಸಲ ನಾನೇ, ಮಗಳೇ."

ನೆಲ ಬಿರಿಯಬಾರದೇ ಎನಿಸಿತು ಶೇವಂತಾಳಿಗೆ!

ಮರುದಿನ ಮಧ್ಯಾಹ್ನ ಅರಿಶಿನ ಹಾಕಿದ ಬಿಸಿ ಹಾಲು ಹಿಡಿದು ಹುಡೇವು ಏರಿದಳು.

"ತಪ್ಪಾತು… ಖರೇ ಹೇಳು, ಕೂಗಿನ್ಕಿಂತ ಮೊದಲೇ ಇಲ್ಲಿ ಹೆಂಗ ಬರ್ತಿ?"

"ಬ್ಯಾಸಗ್ಯಾಗ ದಿನಾ ಮಧ್ಯಾಹ್ನ ಇಲ್ಲೇ ಕೂಡ್ತೀನಿ. ಗಾಳಿ ನೋಡ್ಲಾಕ."

"ಗಾಳಿ ಅಷ್ಟೇ?"

"ನಿಮ್ಮ ಅಂಗಳಾನೂ ಕಾಣ್ತದ…"

ಅವಳ ಕಣ್ಣು ಅವನ ಎಡ ಮುಷ್ಟಿಗೆ ಇಳಿಯಿತು. ಇನ್ನೂ ಬಿಗಿಯಾಗೇ ಇತ್ತು! "ಬೆಂಕಿ ಆರ್ಯದ. ಮತ್ತ ಈ ಕಲ್ಲು?"

"ಒಬ್ಬಾಕಿ ಒಳಗ ಹೋಗ್ಯಾಳ," ಎಂದ ಅವನು ಮೆಲ್ಲಗೆ. "ಇನ್ನಾ ಹೊರಗ ಬಂದಿಲ್ಲ."

ಶೇವಂತಾ ಆ ಕಲ್ಲು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಬರೂದಿಲ್ಲ. ಹುಡುಕಲಾಕ ಮಂದಿ ಕಳಸಬ್ಯಾಡ್ರಿ!"