ಹಿಂದಿನ ಸೀಟಿನ ಬೌನ್ಸ್

"ಮೇಡಂ, ಬೌನ್ಸ್ ಅಂದ್ರ ಏನ್ರಿ?"

ಸಂತಪುರದಿಂದ ಬೀದರಿಗೆ ಹೊರಟ ಸಂಜೆಯ ಬಸ್ಸಿನಲ್ಲಿ ಹಿಂದಿನ ಸೀಟಷ್ಟೇ ಖಾಲಿಯಿತ್ತು. ಮಹಾಮಾಯಾ ಕಿಟಕಿಗೆ, ಅವಳ ಪಕ್ಕಕ್ಕೆ ಉತ್ತಮ ಕೂತಿದ್ದ. ನಡುವೆ ಅವಳ ಟಿಫಿನ್ ಚೀಲ. ಇಬ್ಬರೂ ಕಲಿಸುವುದು ಒಂದೇ ಶಾಲೆಯಲ್ಲಿ. ಅವಳದು ಇಂಗ್ಲಿಷ್, ಅವನದು ವಿಜ್ಞಾನ. ವರ್ಷವಿಡೀ ದಾರಿಯಲ್ಲಿ ಅವನು ಒಂದೊಂದು ಇಂಗ್ಲಿಷ್ ಪದ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು.

ಇವತ್ತು ಮಾತ್ರ ತಡೆದಳು. ಮಧ್ಯಾಹ್ನ ಅವಳು ಎಂಟನೇ ಕ್ಲಾಸಿನ ಬಾಗಿಲು ದಾಟುವಾಗ ಒಳಗೆ ಅವನು ಟೆನಿಸ್ ಬಾಲನ್ನು ನೆಲಕ್ಕೆ ಬಿಟ್ಟು ಮಕ್ಕಳಿಗೆ ತೋರಿಸುತ್ತಿದ್ದ. ಕರಿಹಲಗೆಯ ಮೇಲೆ ಅವನದೇ ದುಂಡಕ್ಷರದಲ್ಲಿ ಅದೇ ಪದವಿತ್ತು.

ಗೊತ್ತಿದ್ದೂ ಯಾಕೆ ಕೇಳುತ್ತಾನೆ?

ಬರುವ ಭಾನುವಾರ ಅವನಿಗೆ ಹೆಣ್ಣು ನೋಡಲು ಮನೆಯವರು ಭಾಲ್ಕಿಗೆ ಹೊರಡುವವರಿದ್ದರು. ನಿನ್ನೆ ಅದನ್ನು ಹೇಳಿ ಅವಳ ಮುಖವನ್ನೇ ನೋಡಿದ್ದ. "ಛಲೋ ಆತು" ಅಂದುಬಿಟ್ಟಿದ್ದಳು. ಹಾಗೆ ಅಂದದ್ದಕ್ಕೆ ರಾತ್ರಿಯೆಲ್ಲ ತನ್ನನ್ನೇ ಬೈದುಕೊಂಡಿದ್ದಳು.

"ಚೆಂಡು ಬಿದ್ದು ಮತ್ತ ಪುಟೀತದಲ್ಲ, ಅದ್ರಿ."

"ಹತ್ತಿ ಮ್ಯಾಲ ಬಿದ್ರ?"

"ಅಲ್ಲೇ ಕುಂಡ್ರತದ. ನೆಲ ಗಟ್ಟಿ ಇರಬೇಕು."

"ಬರೀ ಚೆಂಡಿಗೇನ್ರಿ?"

"ಬೆಳಕಿಗೂ ಅಂತಾರ, ಸಪ್ಪಳಕ್ಕೂ. ವಿಳಾಸ ತಪ್ಪಿದ್ರ ಇ-ಮೇಲೂ ಬೌನ್ಸ್ ಆಗಿ ವಾಪಸ್ ಬರ್ತದ."

"ಮತ್ತ ಮನಷ್ಯಾ?"

ಅಷ್ಟರಲ್ಲಿ ಬಸ್ಸು ಹಂಪ್ ಹಾರಿತು. ಇಬ್ಬರೂ ಮೇಲೆದ್ದು ಕೆಳಗೆ ಬಿದ್ದರು. ಡಬ್ಬಿ ಠಣ್ ಎಂದಿತು, ಭುಜಕ್ಕೆ ಭುಜ ತಾಗಿತು.

"ಡ್ರೈವರ್ ಸಾಬ್, ಜರಾ ಆಹಿಸ್ತಾ!" ಮುಂದಿನ ಸೀಟಿನ ಹಾಜಿರಾಬೀ ಕೂಗಿದರು.

"ಮನಷ್ಯಾ ಹೀಂಗ್ರಿ," ಮಹಾಮಾಯಾ ನಕ್ಕಳು. ನಗು ಆರುವ ಮೊದಲೇ ಕೇಳಿದಳು, "ಸರ್, ಮಧ್ಯಾಹ್ನ ಹಲಗಿ ಮ್ಯಾಲ ಬರದವ್ರು ಯಾರು?"

ಅವನ ಕಿವಿ ಕೆಂಪಾದವು. "ನೋಡಿದ್ರೇನು?"

"ಇಷ್ಟು ದಿನ ಕೇಳಿದ್ದೆಲ್ಲಾ ಗೊತ್ತಿದ್ವೇನು?"

"ಒಂದೆರಡು ಗೊತ್ತಿರಲಿಲ್ರಿ."

"ಮತ್ತ ಯಾಕ ಕೇಳ್ತಿದ್ರಿ?"

"ಸುಮ್ಮ ಕುಂತ್ರ ನೀವು ಕಿಟಕಿ ಕಡೆ ತಿರುಗಿಬಿಡ್ತಿದ್ರಿ."

ಬೀದರಿನ ಮೊದಲ ಸ್ಟಾಪು ಬಂತು. ಅವನು ಇಳಿಯುವುದು ಅಲ್ಲೇ. ನಿಧಾನಕ್ಕೆ ಎದ್ದ.

"ಬರ್ತೇನ್ರಿ, ಮೇಡಂ."

ಅವಳು ಕಿಟಕಿಯ ಕಡೆ ತಿರುಗಲಿಲ್ಲ.

"ಐತವಾರ ಭಾಲ್ಕಿಗೆ ಹೋಗಬ್ಯಾಡ್ರಿ."

"ಮತ್ತ ಎಲ್ಲಿಗೆ ಹೋಗ್ಲಿ?"

"ನಮ್ಮ ಮನಿಗೆ ಬರ್ರಿ. ನಿಮ್ಮ ಅವ್ವನ್ನೂ ಕರಕೊಂಡು."

"ಇಳಿಯೋರು ಲಗೂನ ಇಳೀರಿ!" ಕಂಡಕ್ಟರ್ ಗದರಿದ.

ಉತ್ತಮ ಇಳಿಯಲಿಲ್ಲ, ಮತ್ತೆ ಕೂತ. ಮಹಾಮಾಯಾ ನಡುವಿನ ಟಿಫಿನ್ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.