ಹೂಂ ಅನ್ನುವವರೆಗೆ

ಕಂಪ್ಯೂಟರಿನಲ್ಲಿ ಕಳೆದುಹೋದ ಫೈಲು ಹುಡುಕಿಕೊಡುವುದು ನನ್ನ ದಿನದ ಕೆಲಸ. ಇದು ನಡೆದದ್ದು ಹಾಡಹಗಲಲ್ಲಿ, ನನ್ನ ಅಂಗಡಿಯಲ್ಲೇ.

ತೀರಿಕೊಂಡ ಅತ್ತೆ ಮೊಮ್ಮಗಳಿಗಾಗಿ ರೆಕಾರ್ಡ್ ಮಾಡಿಟ್ಟಿದ್ದ ಕಥೆಯನ್ನು, ನನ್ನಲ್ಲಿಗೆ ಬಂದಿದ್ದ ಆ ಸೊಸೆ ಕಂಪ್ಯೂಟರಿನಲ್ಲಿ ಜಾಗ ಮಾಡಲು ಹೋಗಿ ಅಳಿಸಿಬಿಟ್ಟಿದ್ದಳು. ಅಂದಿನಿಂದ ಆರು ವರ್ಷದ ಮಗಳು ಅವಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಎರಡು ದಿನ ಕೂತು ಫೈಲನ್ನು ಹೊರತೆಗೆದೆ. ಮರುದಿನ ಇಬ್ಬರನ್ನೂ ಕರೆಸಿದೆ.

ಕಥೆ ಶುರುವಾಗಿ ಅರ್ಧ ನಿಮಿಷಕ್ಕೆ ನಿಂತಿತು. ಪರದೆಯ ಮೇಲಿನ ಸೆಕೆಂಡುಗಳೂ ನಿಂತವು. ಫೈಲು ಕೆಟ್ಟಿದೆ ಎಂದುಕೊಂಡು ಮೌಸ್ ಹಿಡಿದರೆ, ಆ ಉರಿಬಿಸಿಲಿನ ಹೊತ್ತಿನಲ್ಲೂ ಅದು ಒದ್ದೆ ಕಲ್ಲಿನಂತೆ ತಣ್ಣಗಿತ್ತು.

"ಕೆಟ್ಟಿಲ್ಲ. ಹೂಂ ಅನ್ಬೇಕು, ಇಲ್ದಿದ್ರೆ ಅಜ್ಜಿ ಮುಂದೆ ಹೇಳಲ್ಲ," ಎಂದಿತು ಮಗು. "ಹೂಂ."

ಕಥೆ ಮುಂದುವರಿಯಿತು. ಮತ್ತೆ ನಿಂತಿತು, ಹೂಂ ಅಂದಮೇಲೆ ನಡೆಯಿತು. ಮುಕ್ಕಾಲು ಕಥೆಗೆ ಮಗು ತಾಯಿಯ ತೋಳಿಗೊರಗಿ ನಿದ್ದೆಹೋಯಿತು. ದನಿ ನಿಂತಿತು. ಸ್ಪೀಕರಿನಲ್ಲಿ ಬರೀ ಉಸಿರಾಟ ಕೇಳುತ್ತಿತ್ತು.

"ಈಗ ನೀನೇ ಹೂಂ ಅನ್ನಮ್ಮ," ಎಂದೆ.

"ಅತ್ತೆಗೆ ನನ್ನ ಕಂಡ್ರೆ ಆಗ್ತಿರ್ಲಿಲ್ಲ, ಅಮ್ಮಾ. ಅಳ್ಸಿದ್ದೂ ನಾನೇ."

"ಸಿಟ್ಟಿದ್ರೆ ಇಷ್ಟು ಹೊತ್ತು ಕಾಯ್ತಿದ್ರಾ?"

ಅವಳು ಮೆಲ್ಲಗೆ "ಹೂಂ" ಎಂದಳು. ಕಥೆ ಕೊನೆ ಮುಟ್ಟಿತು. ಎಚ್ಚರವಾದ ಮಗು, "ಆಮೇಲೇನಾಯ್ತಮ್ಮಾ?" ಎಂದು ತಾಯಿಯನ್ನೇ ಕೇಳಿತು. ಅವಳು ಹೇಳುತ್ತಾ ಕರೆದುಕೊಂಡು ಹೋದಳು.

ಫೈಲು ಸಿಕ್ಕ ದಿನವೇ ಒಂದು ಪ್ರತಿ ತೆಗೆದಿಡುವುದು ನನ್ನ ರೂಢಿ. ಸಂಜೆ, ಹಿಂದಿನ ದಿನ ತೆಗೆದಿದ್ದ ಆ ಪ್ರತಿಯನ್ನು ಹಾಕಿ ಕೇಳಿದೆ. ಅದು ಎಲ್ಲಿಯೂ ನಿಲ್ಲಲಿಲ್ಲ. ಮಗುವಿನ ಹೂಂಗಳೆಲ್ಲ ಅದರಲ್ಲಿದ್ದವು, ಕೊನೆಗೆ ಸೊಸೆಯದೂ ಇತ್ತು.